ಕಾಗೆ ಮುಟ್ಟದ ಎಡೆ

ಮೊನ್ನೆ ಹೊಳಲ್ಕೆರೆಯ ಗೊಬ್ಬರದಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದಾಗ ಒಳಗಿನಿಂದ ಕೊಳೆತ ಬೆಳ್ಳುಳ್ಳಿಯಂಥ ಘಾಟು ಬಂತು. ಕ್ರಿಮಿನಾಶಕದ ಡಬ್ಬವೊಂದು ಸೋರಿತ್ತಂತೆ. ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಆದರೂ ಪಕ್ಕದ ಮನೆಯ ದೊಡ್ಡವ್ವ ಕಣ್ಣ ಮುಂದೆ ಬಂದು ನಿಂತೇಬಿಟ್ಟಳು...

ಅದು ಎಪ್ಪತ್ತರ ದಶಕ. ನಾನು ಮದುವೆಯಾಗಿ ಚಿಕ್ಕಜಾಜೂರಿನ ಪಕ್ಕದ ಹಳ್ಳಿಗೆ ಬಂದ ಹೊಸತು. ದೊಡ್ಡವ್ವನದು ಕುರಿ ಸಾಕುವ ಮನೆತನ. ದೇಶದ ಮಿಲ್ಲುಗಳಿಗೆ ಹತ್ತಿ ಸಾಲದು, ಹೈಬ್ರಿಡ್ ಹಾಕಿ ಎಂದು ಜೀಪಿನಲ್ಲಿ ಬಂದವರು ಹೇಳಿ ಹೋದ ಮೇಲೆ ಜೋಳ, ನವಣೆಯ ಹೊಲಗಳೆಲ್ಲ ಹತ್ತಿಯಾದವು. ಅವಳ ಗಂಡನೂ ಹಾಕಿದ. ಗಿಡ ಎದೆಮಟ್ಟ ಬಂತು. ಹುಳವೂ ಬಂತು. ಹುಳಕ್ಕೆ ಎಣ್ಣೆ ಹೊಡೆಯಬೇಕು. ಔಷಧಿಗೆ ನಮ್ಮೂರಲ್ಲಿ ಎಣ್ಣೆ ಎನ್ನುತ್ತಿದ್ದರು.

ಊರಿಗೆ ಊರೇ ಹೊಡೆಯಿತು. ಸತ್ತ ಹುಳ ತಿನ್ನಲು ಇಳಿದ ಕಾಗೆಗಳು ಸಾಲುಗಳ ನಡುವೆ ರೆಕ್ಕೆ ಹರಡಿಕೊಂಡು ಬಿದ್ದಿದ್ದವು. ನಾಯಿಗಳೂ ಅವನ್ನು ಮೂಸಲಿಲ್ಲ. ಬರಬರುತ್ತ ಬೆಳಗಾದರೆ ಒಂದು ಹಕ್ಕಿಯ ದನಿಯಿಲ್ಲ. ಹಿತ್ತಿಲಿಗೆ ಚೆಲ್ಲಿದ ಅನ್ನ ಸಂಜೆಯವರೆಗೂ ಹಾಗೇ ಒಣಗುತ್ತಿತ್ತು...

ಒಂದು ಮಧ್ಯಾಹ್ನ ಅವಳ ಗಂಡ ಹೊಲದಿಂದ ತೂರಾಡುತ್ತ ಬಂದು ಜಗಲಿಯ ಮೇಲೆ ಕುಸಿದ. ಬರಿಗೈಯಲ್ಲೇ ಎಣ್ಣೆ ಕಲಸಿದ್ದ. ಮೈಯೆಲ್ಲ ಬೆವರು, ಬಾಯಲ್ಲಿ ನೊರೆ. ಕಣ್ಣಪಾಪೆ ಸಾಸಿವೆಕಾಳಿನಷ್ಟಾಗಿತ್ತು. "ಯಾಕೆ ಇಷ್ಟು ಕತ್ತಲಾತು?" ಎಂದ. ಸೂರ್ಯ ನೆತ್ತಿಯ ಮೇಲಿದ್ದ. ಆಸ್ಪತ್ರೆಗೆಂದು ಗಾಡಿ ಕಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

ಹಾಲುತುಪ್ಪದ ದಿನ ಮಣ್ಣು ಮಾಡಿದ ಜಾಗದಲ್ಲಿ ಎಡೆ ಇಟ್ಟು ದೂರ ನಿಂತೆವು. ಕಾಗೆ ಮುಟ್ಟಿದರೆ ಸತ್ತವನಿಗೆ ತೃಪ್ತಿ. ಆಕಾಶದಲ್ಲಿ ಏನೂ ಇರಲಿಲ್ಲ. ಅನ್ನದ ಮೇಲೆ ಒಂದು ನೊಣವೂ ಕೂರಲಿಲ್ಲ. ಹೊತ್ತು ವಾಲಿತು.

"ಅತ್ತಿಗೆ, ಅಣ್ಣನ ಮನಸ್ಸು ಏನೋ ನೋಯ್ಸಿದ್ದೀರಿ. ನೆಪ್ಪು ಮಾಡ್ಕಳ್ರಿ" ಎಂದ ಮೈದುನ.

ಅವಳು ಒಂದೊಂದೇ ಹೇಳಿಕೊಂಡಳು. ಜಗಳವಾಡಿ ತವರಿಗೆ ಹೋಗಿದ್ದು, ಕೇಳಿದ ದಿನ ಕೋಳಿ ಕೊಯ್ಯದೆ ಇದ್ದದ್ದು... ಒಂದೊಂದು ಮಾತಿಗೂ ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು. ಏನೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಹೊಸ ಅಡಿಗೆ ಮಾಡಿ ಗಂಟು ಕಟ್ಟಿಕೊಂಡು ನನ್ನನ್ನು ಕರೆದಳು. "ಬಾರವ್ವ, ಟೇಸನ್‌ಗೆ ಹೋಗಾಣ. ಅಲ್ಲಿ ಕಾಗೆ ಅವೆ."

ರೈಲಿನವರು ಎಸೆದದ್ದನ್ನು ತಿಂದು ಬದುಕಿದ್ದ ಕಾಗೆಗಳು ನೀರಿನ ಟ್ಯಾಂಕಿನ ಮೇಲೆ ಕೂತಿದ್ದವು. ಪ್ಲಾಟ್‌ಫಾರಂ ಕೊನೆಯಲ್ಲಿ ಎಲೆ ಹಾಸಿ ಬಡಿಸಿದಳು. ಕೈ ತೆಗೆಯುವ ಮೊದಲೇ ಮುಗಿಬಿದ್ದವು.

"ಅವರಿಗೆ ನನ್ ಮೇಲೆ ಸಿಟ್ಟಿರಲಿಲ್ಲ ಕಣವ್ವ. ನಮ್ಮೂರಾಗೆ ಬರಾಕೆ ಒಂದೂ ಉಳಿದಿಲ್ಲ, ಅಷ್ಟೇ" ಎಂದಳು. ಆಮೇಲೆ ನನ್ನ ಕೈಯನ್ನು ನೋಯುವಂತೆ ಹಿಡಿದು, "ನಿನ್ ಗಂಡಗೆ ಹೇಳು, ಆ ಎಣ್ಣೆ ಮುಟ್ಟಬ್ಯಾಡ ಅಂತ."

ಹೇಳಿದೆ. ಅತ್ತು ಹೇಳಿದೆ. ಮರುವರ್ಷ ನಮ್ಮವರು ಹತ್ತಿ ಬಿಟ್ಟು ರಾಗಿ ಬಿತ್ತಿದರು. ದೊಡ್ಡವ್ವ ತನ್ನ ಹೊಲವನ್ನು ಬೀಳುಬಿಟ್ಟಳು, ಕುರಿಗಳನ್ನೂ ಅದರೊಳಗೆ ಇಳಿಸಲಿಲ್ಲ.

ಅವಳು ತೀರಿಕೊಂಡು ಎಷ್ಟೋ ವರ್ಷಗಳಾದವು. ನಮ್ಮವರು ಮೊನ್ನೆ ಮೊನ್ನೆಯವರೆಗೂ ಇದ್ದರು, ಮೊಮ್ಮಕ್ಕಳನ್ನು ಎತ್ತಿ ಆಡಿಸಿ ಹೋದರು. ಆ ಆಯಸ್ಸು ದೊಡ್ಡವ್ವ ಕೊಟ್ಟಿದ್ದೆಂದೇ ನಾನು ತಿಳಿದಿದ್ದೇನೆ. ಅದನ್ನು ಹೇಳೋಣವೆಂದರೆ, ಕೇಳಲು ಅವಳೇ ಇಲ್ಲ.