ಬೇಸ್ ಗಿಟಾರಿಗೆ ಹಲ್ಲುಪುಡಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಮ್ಮ ಸೋದರಮಾವನ ಬೇಸ್ ಗಿಟಾರನ್ನು ಹಲ್ಲುಪುಡಿ ಹಾಕಿ ಉಜ್ಜಿದವನು ನಾನೇ. ತೆಂಗಿನ ನಾರನ್ನು ಒದ್ದೆ ಮಾಡಿಕೊಂಡು, ಮದುವಣಿಗನಿಗೆ ಎಣ್ಣೆಸ್ನಾನ ಮಾಡಿಸುವಷ್ಟು ಶ್ರದ್ಧೆಯಿಂದ ಉಜ್ಜಿದೆ. ಹುಟ್ಟಿ ಬೆಳೆದದ್ದು ಹಲ್ಲುಪುಡಿಗೇ ಹೆಸರಾದ ನಂಜನಗೂಡಿನಲ್ಲಿ. ಹೊಳಪು ಬರಬೇಕೆಂದರೆ ನಮ್ಮ ಕೈ ತಾನಾಗಿ ಹಲ್ಲುಪುಡಿಯ ಡಬ್ಬಿಗೇ ಹೋಗುತ್ತದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ತುಕ್ಕು ಹಿಡಿದಿದ್ದ ಸ್ಕ್ರೂಗಳನ್ನೆಲ್ಲ ಬಿಚ್ಚಿ ಹಿತ್ತಲಿಗೆ ಎಸೆದು, ಹಾರ್ಡ್‌ವೇರ್ ಅಂಗಡಿಯಿಂದ ಪಳಪಳ ಹೊಳೆಯುವ ಹೊಸವನ್ನು ತಂದು ತಿರುಪಿದೆ. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ, ಬೇರೆ ಯಾರೂ ಇಲ್ಲದ್ದರಿಂದ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಂಜನಗೂಡಿನ ಒಂದು ಆರ್ಕೆಸ್ಟ್ರಾದಲ್ಲಿ ನಾನು ಮಿಮಿಕ್ರಿ ಮಾಡುತ್ತಿದ್ದೆ. ಗಾಯಕರು ನೀರು ಕುಡಿಯಲು ಹೋದಾಗ ವೇದಿಕೆಗೆ ಹಾರಿ, ಸ್ಟಾರ್ಟ್ ಆಗದ ಆಟೊ, ಚಿಲ್ಲರೆ ಕೊಡದ ಕಂಡಕ್ಟರು, ಮೈಕ್ ಬಿಡದ ಅಧ್ಯಕ್ಷರು, ಎಲ್ಲರ ದನಿಯನ್ನೂ ತೆಗೆಯುತ್ತಿದ್ದೆ. ಕವಲಂದೆಯಲ್ಲಿ ಒಮ್ಮೆ ಅಧ್ಯಕ್ಷರ ಎದುರಿಗೇ ಅಧ್ಯಕ್ಷರ ದನಿ ತೆಗೆದು, ಇಡೀ ತಂಡ ಊಟವಿಲ್ಲದೆ ವ್ಯಾನ್ ಹತ್ತುವಂತೆ ಮಾಡಿದ ಕೀರ್ತಿಯೂ ನನ್ನದೇ. ಬೇಸ್ ಗಿಟಾರು ಅಂದರೆ ಏನೆಂದು ನನಗೆ ಗೊತ್ತಿದ್ದದ್ದು ಇಷ್ಟು: ದಪ್ಪ ತಂತಿ ನಾಲ್ಕು, ದನಿ ಡುಂ ಡುಂ. ಸಾರಿಗೆ ಹಾಕಿದ ಇಂಗಿನ ಹಾಗೆ, ಇದ್ದರೆ ಯಾರೂ ಕೇಳುವುದಿಲ್ಲ, ಇಲ್ಲದಿದ್ದರೆ ಎಲ್ಲರೂ ಕೇಳುತ್ತಾರೆ.

ಮಾವನ ಮನೆ ತಿ. ನರಸೀಪುರದಲ್ಲಿ. ತಲೆಮಾರಿನಿಂದ ದನದ ವ್ಯಾಪಾರ ಬಲ್ಲ ಮನೆ ಅದು. ಎಪ್ಪತ್ತರ ದಶಕದ ಕೊನೆಯಲ್ಲಿ, ಮೈಸೂರಿನ ಹೋಟೆಲೊಂದರಲ್ಲಿ ಬಾರಿಸುತ್ತಿದ್ದ ವಾದಕನೊಬ್ಬ ಊರು ಬಿಟ್ಟು ಹೊರಟಾಗ, ಮಾವ ಅಪ್ಪನ ಕಾಲದ ಜೋಡೆತ್ತು ಮಾರಿ ಅವನ ಬೇಸ್ ಗಿಟಾರು ಕೊಂಡು ತಂದಿದ್ದ. ಆಗಷ್ಟೇ ಮದುವೆಯಾಗಿ ಬಂದಿದ್ದ ಅತ್ತೆ ಬಾಗಿಲಲ್ಲಿ ನಿಂತು, ಎತ್ತು ಹೋದ ದಾರಿಯಲ್ಲಿ ಒಂದು ಕೊರಡು ಬಂದದ್ದನ್ನು ಕಂಡಳಂತೆ. ನಮ್ಮ ಕಡೆ ದನ ಮಾರಿದರೂ ಅದರ ಹಗ್ಗ ಕೊಡುವುದಿಲ್ಲ. ಹಗ್ಗದ ಜೊತೆ ಮನೆಯ ಲಕ್ಷ್ಮಿಯೂ ಹೋದಾಳು ಅಂತ. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಾಗಾಗಿ ಆ ಎತ್ತುಗಳ ಹಗ್ಗ ನಡುಮನೆಯ ಗೂಟದಲ್ಲೇ ಉಳಿಯಿತು, ಪಕ್ಕದ ಗೂಟದಲ್ಲಿ ಗಿಟಾರು ನೇತುಬಿತ್ತು. ಅತ್ತೆ ಬಂದವರಿಗೆಲ್ಲ ತೋರಿಸಿ ಹೇಳುತ್ತಿದ್ದಳು: “ಅಗ್ಗ ಇಲ್ಲೇ ಅದೆ ನೋಡಿ. ಎತ್ತೆಲ್ಲಿ ಅಂತ ಕೇಳುದ್ರೆ ನಮ್ಮೋರು ಆ ಕೊರಡ ತೋರುಸ್ತರೆ.”

ಮಾವ ಮಾತ್ರ ಅದು ಅಮೆರಿಕದಲ್ಲಿ ಮಾಡಿದ್ದು, ಒರಿಜಿನಲ್ಲು ಎಂದು ಸಾಧಿಸುತ್ತಿದ್ದ. ಬೀದಿಯವರು ನಂಬುತ್ತಿರಲಿಲ್ಲ. ಡೂಪ್ಲಿಕೇಟಿಗೆ ಜೋಡೆತ್ತು ಕೊಟ್ಟವನು ಎಂದು ಅವನನ್ನು ಆಡಿಕೊಳ್ಳುತ್ತಿದ್ದರು. ನಾನೂ ನಂಬಿರಲಿಲ್ಲ, ಮಾವ ‘ಒರಿಜಿನಲ್ಲು’ ಎನ್ನುವಾಗ ಗಂಟಲು ಉಬ್ಬಿಸುವ ರೀತಿಯನ್ನು ವೇದಿಕೆಯ ಮೇಲೆ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ. ಈಗ ಅವನ ಬೆರಳುಗಳು ಬಿಗಿದುಕೊಂಡು ತಂತಿ ಒತ್ತಲು ಬರುತ್ತಿರಲಿಲ್ಲ. ಮಾರಿಬಿಡುತ್ತೇನೆ, ತಿಳಿದವರೊಬ್ಬರನ್ನು ಕರೆದುಕೊಂಡು ಬಾ ಅಂದ. ಮಾರುವುದು ನೆಪ ಎಂದು ನನಗೆ ಗೊತ್ತಿತ್ತು. ತಿಳಿದವನೊಬ್ಬ ನಡುಮನೆಯಲ್ಲಿ ಕೂತು, ಅಡಿಗೆಮನೆಗೆ ಕೇಳಿಸುವ ಹಾಗೆ, ಇದು ಒರಿಜಿನಲ್ಲು ಅನ್ನಬೇಕು. ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ನಮ್ಮ ತಂಡಕ್ಕೆ ಡ್ರಮ್ಸು ಬಾಡಿಗೆ ಕೊಡುತ್ತಿದ್ದ ಮೈಸೂರಿನ ಹಳೇ ವಾದ್ಯಗಳ ವ್ಯಾಪಾರಿಗೆ ಹೇಳಿದೆ. ಭಾನುವಾರ ಬರುತ್ತೇನೆಂದ. ಶನಿವಾರವೇ ನಾನು ನರಸೀಪುರದ ಬಸ್ಸು ಹತ್ತಿ ಬಂದು, ಮಾವ ಹೊಲದ ಕಡೆ ಹೋಗಿದ್ದ ಹೊತ್ತು ನೋಡಿ ಹಲ್ಲುಪುಡಿಯ ಡಬ್ಬಿ ತೆಗೆದೆ. ನನ್ನ ಲೆಕ್ಕ ದನದ ಲೆಕ್ಕ. ಎತ್ತು ಮಾರುವ ಮುನ್ನ ಹೊಳೆಯಲ್ಲಿ ತಿಕ್ಕಿ ತೊಳೆಯುತ್ತಾರೆ, ಕೊಂಬು ಹೆರೆದು ಎಣ್ಣೆ ಸವರುತ್ತಾರೆ, ಒಟ್ಟಿನಲ್ಲಿ ವಯಸ್ಸು ಕಾಣದಂತೆ ಮಾಡುತ್ತಾರೆ. ಗಿಟಾರಿಗೂ ಅದೇ ಮಾಡಿದೆ. ವಯಸ್ಸಾದಷ್ಟೂ ಬೆಲೆ ಏರುವ ಪ್ರಾಣಿಯೊಂದು ಲೋಕದಲ್ಲಿ ಇದೆಯೆಂದು ನನಗೆ ಯಾರು ಹೇಳಿದ್ದರು?

ವ್ಯಾಪಾರಿ ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಪೆನ್ನಿನಷ್ಟೇ ಉದ್ದದ ಟಾರ್ಚು, ಕೈಯಲ್ಲಿ ಭೂತಗನ್ನಡಿ. ಮಾತಿಗೊಮ್ಮೆ ಮೂಗೆಳೆಯುತ್ತಿದ್ದ, ಆ ಮೂಗನ್ನು ನಾನು ಆಗಲೇ ಮನಸ್ಸಿನಲ್ಲಿ ಅಭ್ಯಾಸ ಮಾಡಿಕೊಳ್ಳತೊಡಗಿದೆ. ಅತ್ತೆ ಕಾಫಿ ತಂದಿಟ್ಟರೆ ಮುಟ್ಟಲಿಲ್ಲ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಡಾಕ್ಟರು ಮಗುವಿನ ಹೊಟ್ಟೆ ಒತ್ತುವಂತೆ ಅಲ್ಲಲ್ಲಿ ಒತ್ತಿದ. ಮಾವ ಅವನ ಕೈಯನ್ನೇ ನೋಡುತ್ತಿದ್ದ, ನಾನು ಅವನ ಕಣ್ಣನ್ನು, ಅತ್ತೆ ಬಾಗಿಲ ಸಂದಿಯಿಂದ ನಮ್ಮ ಮೂವರನ್ನೂ. ಆ ಮನೆಯಲ್ಲಿ ಆ ಹೊತ್ತು ಯಾರಿಗೂ ಯಾರ ಮೇಲೂ ನಂಬಿಕೆ ಇರಲಿಲ್ಲ.

ದನಿ ಕೇಳಬೇಕೆಂದು ವ್ಯಾಪಾರಿ ಮರಕ್ಕೆ ಕಿವಿ ಹಚ್ಚಿ ತಂತಿ ಮೀಟಿದ. ಡುಂ ಎಂದಿತು. ತಟ್ಟನೆ ತಲೆಯೆತ್ತಿ ನನ್ನ ಕಡೆ ನೋಡಿ, “ನೀವು ಸ್ವಲ್ಪ ಬಾಯಿ ಮುಚ್ಕೊಂಡಿರಿ” ಅಂದ. ದೇವರಾಣೆಗೂ ನಾನು ಬಾಯಿ ತೆರೆದಿರಲಿಲ್ಲ. ಮಿಮಿಕ್ರಿಯವನ ಬಾಳೇ ಇಷ್ಟು, ಅವನ ಎದುರಿಗೆ ನಿಜವಾದ ದನಿಗೂ ಮರ್ಯಾದೆ ಇಲ್ಲ.

ಆಮೇಲೆ ಟಾರ್ಚು ಬಿಟ್ಟ. ಮರದ ಸಂದಿಯಲ್ಲಿ ಗುಲಾಬಿ ಬಣ್ಣದ ಪುಡಿ ಕಂಡಿತು. ಉಗುರಿನಿಂದ ತೆಗೆದು ಮೂಸಿ, ಮುಖ ಗಂಟಿಕ್ಕಿ, ಇದೇನು ಬಣ್ಣ, ಮತ್ತೆ ಪೇಂಟ್ ಹೊಡೆಸಿದ್ದೀರಾ ಎಂದು ಕೇಳಿದ. ಮಾವನೂ ಮೂಸಿದ. ಲವಂಗದ ವಾಸನೆ ಬಂದದ್ದೇ ತಡ ನನ್ನ ಕಡೆ ತಿರುಗಿದ. ನಾನು ಹಲ್ಲು ಕಿರಿದೆ. ಆ ಹಲ್ಲಿಗೂ ಬೆಳಿಗ್ಗೆ ಅದೇ ಪುಡಿ ಹಾಕಿದ್ದೆ.

ಮುಂದಿನದು ಸ್ಕ್ರೂ. ಇವು ಹೊಸವು ಅಂದ. ಹೌದು, ನಾನೇ ಹಾಕಿದ್ದು, ಚೆನ್ನಾಗಿದೆಯಲ್ಲ ಅಂದೆ. ಮಾವನ ಮುಖ ಕಪ್ಪಿಟ್ಟಿತು. ನಮ್ಮ ಆರ್ಕೆಸ್ಟ್ರಾದ ಬೇಸು ಕೆಟ್ಟು ಕೂತಿರುವುದು ಅವನಿಗೆ ಗೊತ್ತಿತ್ತು.

“ಸ್ಕ್ರೂ ಒಂದೇಯಾ, ಒಳಗಿಂದೂ ಏನಾರ ಬದ್ಲಾಯಿಸ್ಕೊಂಡಿದ್ದೀಯೇನ್ಲಾ?” ಅಂದ. ನನ್ನನ್ನು ತೊಟ್ಟಿಲಲ್ಲಿ ತೂಗಿದ ಮಾವ ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

ವ್ಯಾಪಾರಿ ಗಿಟಾರಿನ ಕುತ್ತಿಗೆಯನ್ನೇ ಬಿಚ್ಚಿ ತೆಗೆದ. ಕುತ್ತಿಗೆಯ ಬುಡದಲ್ಲಿ, ಹೊರಗೆ ಕಾಣದ ಜಾಗದಲ್ಲಿ, ಕಾರ್ಖಾನೆಯವರು ಒತ್ತಿದ ತಾರೀಕು ಮಸುಕಾಗಿ ಇತ್ತು. ಮಾವನಿಗೆ ಜೀವ ಬಂದಂತಾಯಿತು. ಮುದ್ರೆ ಯಾರು ಬೇಕಾದರೂ ಒತ್ತಬಹುದು ಅಂದ ವ್ಯಾಪಾರಿ. ಹಿಂದಿನ ತಗಡಿನ ಮೇಲೆ ನಂಬರ್ ಇತ್ತು. ತಗಡು ಬದಲಾಯಿಸುವುದು ಎಷ್ಟು ಹೊತ್ತಿನ ಕೆಲಸ ಅಂದ. ಒಳಗಿನ ವೈರು ಬಟ್ಟೆ ಸುತ್ತಿದ ಹಳೇ ಕಾಲದ್ದು, ಬೆಸುಗೆಯನ್ನು ಯಾರೂ ಮುಟ್ಟಿರಲಿಲ್ಲ. ಅದನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ, ಏನೂ ಹೇಳದೆ ಮುಚ್ಚಿಬಿಟ್ಟ.

ಆ ಮೌನದಲ್ಲೇ ನನಗೆ ಅನುಮಾನ ಹತ್ತಿದ್ದು. ಮಾವನಿಗೂ ಹತ್ತಿತೆಂದು ಕಾಣುತ್ತದೆ. ನನ್ನ ಕಿವಿಯ ಹತ್ತಿರ ಬಗ್ಗಿ, “ಬ್ಯಾಡ ಅನ್ನೋನು ಇಷ್ಟೊತ್ತು ಬಾಲ ಇಡ್ಕಂಡು ನಿಂತಿರಕಿಲ್ಲ ಕಣ್ಲಾ” ಅಂದ. ದನದ ಮನೆಯವನಲ್ಲವೇ. ಮನಸ್ಸಿಗೆ ಹಿಡಿಸಿದ ಎತ್ತಿಗೇ ಕೊಳ್ಳುವವರು ಮೈಸುಳಿ ಸರಿಯಿಲ್ಲವೆಂದು ಹೆಚ್ಚು ದೋಷ ಹೇಳುತ್ತಾರೆ ಎಂಬುದು ಅವನಿಗೆ ಹಾಲು ಕುಡಿದಷ್ಟು ಹಳೆಯ ಪಾಠ.

ಕೊನೆಗೆ ವ್ಯಾಪಾರಿ ಗಿಟಾರಿನ ಹೊಟ್ಟೆಯ ಮೇಲೆ, ತಂತಿಗಳ ಬುಡದಲ್ಲಿ, ಒಂದು ಜಾಗ ತೋರಿಸಿದ. ಸುತ್ತ ಬಣ್ಣ ಮಾಸಿತ್ತು, ಅಲ್ಲಿ ಮಾತ್ರ ಚೌಕವಾಗಿ ಗಾಢವಾಗಿತ್ತು; ಪಕ್ಕದಲ್ಲಿ ಸ್ಕ್ರೂ ಹೋಗಿದ್ದ ಎರಡು ತೂತು. ಇಲ್ಲಿ ಹೊಳೆಯುವ ಉಕ್ಕಿನ ಒಂದು ಮುಚ್ಚಳ ಇರಬೇಕಿತ್ತು, ಅದೆಲ್ಲಿ ಅಂದ. ಬಾರಿಸುವಾಗ ಕೈಗೆ ಅಡ್ಡ ಬರುತ್ತದೆಂದು ತಂದ ತಿಂಗಳೇ ಬಿಚ್ಚಿಟ್ಟೆ, ಆಮೇಲೆ ಎಲ್ಲಿ ಹೋಯಿತೋ ಕಾಣೆ ಎಂದು ಮಾವ ತಡವರಿಸಿದ. ವ್ಯಾಪಾರಿ ಮೂಗೆಳೆದು ನಕ್ಕ.

“ನೋಡಿ ಯಜಮಾನ್ರೇ, ಎಲ್ಲರ ಮನೇಲೂ ಅದೊಂದೇ ಕಳೆದುಹೋಗಿರುತ್ತೆ. ಮುಚ್ಚಳ ಇಲ್ಲ ಅಂದ್ಮೇಲೆ ಇದು ಡೂಪ್ಲಿಕೇಟೇ. ಸೌದೆ ರೇಟಿಗೆ ಕೊಡೋದಾದ್ರೆ ಹೇಳಿ, ಒಯ್ತೀನಿ.”

ಸೌದೆ ಎಂಬ ಮಾತು ಅಡಿಗೆಮನೆಯ ತನಕ ಹೋಯಿತು. ಮಾವ ತಲೆ ತಗ್ಗಿಸಿದ. ಇಷ್ಟು ವರ್ಷ ಅತ್ತೆ ಹೇಳಿದ್ದನ್ನೇ ಈಗ ಮೈಸೂರಿನಿಂದ ಬಂದವನೊಬ್ಬ ಟಾರ್ಚು ಬಿಟ್ಟು ಹೇಳಿದಂತಾಗಿತ್ತು.

ಒಳಗೆ ಏನೋ ಸುರಿದ ಸದ್ದಾಯಿತು. ಅತ್ತೆ ಹೊರಗೆ ಬಂದಳು. ದೇವರ ಗೂಡಿನಲ್ಲಿ ವಿಭೂತಿ ಗಟ್ಟಿ ಇಡುತ್ತಿದ್ದ ತಗಡಿನ ದೊನ್ನೆ ಅವಳ ಕೈಯಲ್ಲಿತ್ತು. ನಾನು ಹುಟ್ಟಿದಾಗಿನಿಂದ ನೋಡಿದ್ದೆ, ಹಣೆಗೆ ಬಳಿದುಕೊಂಡಿದ್ದೆ, ಒಂದು ದಿನವೂ ಅದೇನೆಂದು ಕೇಳಿರಲಿಲ್ಲ. ಅದರ ತಳದಲ್ಲಿ ನಾನು ಎಸೆದಿದ್ದ ತುಕ್ಕು ಸ್ಕ್ರೂಗಳೂ ಗಲಗಲ ಅಂದವು. ಮನೆಯ ಪದಾರ್ಥವೆಂದು ಹಿತ್ತಲಿನಿಂದ ಆರಿಸಿ ತಂದಿದ್ದಳು. ಸ್ಕ್ರೂಗಳನ್ನು ನನ್ನ ಅಂಗೈಗೆ ಸುರಿದು, ಸೆರಗಿನಿಂದ ಬೂದಿ ಒರೆಸಿ, ದೊನ್ನೆಯನ್ನು ಬೋರಲಾಗಿ ಆ ಗಾಢ ಚೌಕದ ಮೇಲೆ ಇಟ್ಟಳು. ಒಂದು ಕೂದಲಿನಷ್ಟೂ ಆಚೀಚೆ ಇಲ್ಲದೆ ಕೂತಿತು. ತೂತಿಗೆ ತೂತು ಸೇರಿತು. ಅದರ ನೆತ್ತಿಯ ಮೇಲೆ ಕಂಪನಿಯ ಹೆಸರಿನ ಮೊದಲ ಅಕ್ಷರ, ವಿಭೂತಿ ತುಂಬಿಕೊಂಡು ಬೆಳ್ಳಗೆ ಎದ್ದು ಕಾಣುತ್ತಿತ್ತು.

ವ್ಯಾಪಾರಿಯ ಮೂಗೆಳೆತ ನಿಂತುಹೋಯಿತು. ‘ಏನಮ್ಮ’ ಎನ್ನುತ್ತಿದ್ದವನು ‘ತಾಯಿ’ ಅಂದ. ಆರಿದ ಕಾಫಿಯನ್ನು ಎತ್ತಿಕೊಂಡ. ಒರಿಜಿನಲ್ಲು ಎಂದು ಅವನ ಬಾಯಿಂದಲೇ ಬಂತು, ಅಡಿಗೆಮನೆಗಲ್ಲ, ಬೀದಿಗೇ ಕೇಳುವ ಹಾಗೆ. ಮಾವ ಹೆಗಲ ಮೇಲಿನ ಟವಲನ್ನು ಅವನ ಕೈಮೇಲೆ ಹಾಕಿ, ದನದ ವ್ಯಾಪಾರದ ರೀತಿಯಲ್ಲಿ ಒಳಗೆ ಬೆರಳು ಹಿಡಿದು ಬೆಲೆ ಕೇಳಿದ. ಆ ಪದ್ಧತಿ ತಿಳಿಯದ ವ್ಯಾಪಾರಿ ಬೆಚ್ಚಿ ಕೈ ಎಳೆದುಕೊಂಡು, ಉಂಗುರವಿದೆಯೇ ಎಂದು ನೋಡಿಕೊಂಡ. ಆಮೇಲೆ ಬಾಯಲ್ಲೇ ಹೇಳಿದ ಬೆಲೆಗೆ ಒಂದಲ್ಲ, ಕೆಲವು ಜೋಡೆತ್ತು ಬರುತ್ತಿದ್ದವು. ಹಲ್ಲುಪುಡಿ ಹಾಕದೆ ಬಿಟ್ಟಿದ್ದರೆ ಇನ್ನೂ ಅರ್ಧದಷ್ಟು ಹೆಚ್ಚು ಕೊಡುತ್ತಿದ್ದೆ ಎಂದು ನನ್ನ ಮುಖ ನೋಡಿ ಹೇಳಲು ಮರೆಯಲಿಲ್ಲ. ಮಾವ ಬೆಲೆಯನ್ನು ಕೇಳಿಸಿಕೊಂಡನೋ ಇಲ್ಲವೋ. ಅವನು ಅತ್ತೆಯನ್ನೇ ನೋಡುತ್ತಿದ್ದ. ಅತ್ತೆ ಗೂಟದ ಹಗ್ಗ ನೋಡುತ್ತಿದ್ದಳು. ಆ ತಗಡು ಯಾವುದರದ್ದೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು ಎಂಬ ಅನುಮಾನ ನನಗೆ ಇವತ್ತಿಗೂ ಇದೆ. ಕೇಳುವ ಧೈರ್ಯ ಮಾತ್ರ ಬಂದಿಲ್ಲ.

ಯಾರೂ ಹೂಂ ಅನ್ನುವ ಮೊದಲೇ ವ್ಯಾಪಾರಿ ಗಿಟಾರನ್ನು ತಾನು ತಂದಿದ್ದ ಪೆಟ್ಟಿಗೆಗೆ ಇಳಿಸಿ, ದೊನ್ನೆಯಾಗಿದ್ದ ಆ ಮುಚ್ಚಳಕ್ಕೆ ಕೈ ಚಾಚಿದ. ಅತ್ತೆ ಅದನ್ನು ತೆಗೆದು ಸೆರಗಿನೊಳಗೆ ಇಟ್ಟುಕೊಂಡಳು. ತಾಯಿ, ಅದೂ ಸೇರಿದರೇ ನಾನು ಹೇಳಿದ ಬೆಲೆ ಎಂದು ಅವನು ಹಲ್ಲು ಗಿಂಜಿದ. ಅತ್ತೆ ಹೇಳಿದ್ದು ಇಷ್ಟೇ. ಯಾರ ದನಿಯನ್ನಾದರೂ ತೆಗೆಯಬಲ್ಲ ನನಗೆ ಈ ಮಾತನ್ನು ಅವಳ ಹಾಗೆ ಹೇಳಲು ಈವರೆಗೂ ಬಂದಿಲ್ಲ:

“ದನ ಮಾರುದ್ರೂ ಅಗ್ಗ ಕೊಡಕಿಲ್ಲ ಕಣಪ್ಪ ನಮ್ ಮನೇಲಿ. ಮುಚ್ಚಳ ಇಲ್ದಿದ್ರೆ ಡೂಪ್ಲಿಕೇಟು ಅಂದೋನು ನೀನೇ ಅಲ್ವಾ, ಆ ಸೌದೆ ಒತ್ಕಂಡೋಗಿ ಏನ್ ಮಾಡೀಯೆ? ಕಾಪಿ ಕುಡ್ದು ಎದ್ದೇಳು, ಬಸ್ ಬತ್ತದೆ.”