ಮಾರೇನಹಳ್ಳಿಯಲ್ಲಿ ಬೆಳಗಿದ ಕಡಲ ನೀರು

ಸೂಕ್ಷ್ಮದರ್ಶಕಕ್ಕೆ ಕಾಣದ್ದನ್ನು ನಾನು ನಂಬಿದವಳಲ್ಲ. ಮನೆಯಲ್ಲಿ ಯಾರಾದರೂ ಶಕುನ, ಕನಸು ಎಂದು ಮಾತು ತೆಗೆದರೆ ಎದ್ದು ಹೋಗುತ್ತಿದ್ದೆ. ಅಂಥವಳು ಇದನ್ನು ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂದು ಕೇಳುವುದಿಲ್ಲ.

ವಿಜಯನಗರದಲ್ಲಿ ಮೆಟ್ರೋ ಕೆಲಸ ಇನ್ನೂ ಶುರುವಾಗಿರದ ದಿನಗಳು. ನಾನು ಅಲ್ಲೇ ಮಾರೇನಹಳ್ಳಿಯ ಬಾಡಿಗೆ ಮನೆಯಲ್ಲಿದ್ದುಕೊಂಡು ಕಾರವಾರದ ಕೊಲ್ಲಿಯ ಪ್ಲವಕಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಪ್ಲವಕವೆಂದರೆ ನೀರು ಒಯ್ದತ್ತ ತೇಲಿಹೋಗುವ ಜೀವಿಗಳು. ಹೆಚ್ಚಿನವು ಕಣ್ಣಿಗೆ ಕಾಣದಷ್ಟು ಸಣ್ಣವು. ಮಳೆಗಾಲದಲ್ಲಿ ಕಾಳಿ ನದಿ ಸಿಹಿನೀರು ತಂದು ಸುರಿದಾಗ ಕೊಲ್ಲಿಯ ಉಪ್ಪು ಇಳಿಯುತ್ತದೆ, ಕೆಲವು ಜಾತಿಗಳು ಮರೆಯಾಗಿ ಬೇರೆಯವು ತುಂಬಿಕೊಳ್ಳುತ್ತವೆ. ಮಳೆ ನಿಂತು ಉಪ್ಪು ಏರಿದರೆ ಮತ್ತೆ ಎಲ್ಲ ಅದಲುಬದಲು. ಆಗ ಕೆಲವು ವರ್ಷ, ಕದಡಿದರೆ ನೀಲಿಯಾಗಿ ಹೊಳೆಯುವ ಒಂದು ಜೀವಿ ಹೇರಳವಾಗುತ್ತದೆ. ಅಂಥ ನೀರನ್ನು ಗಾಜಿನ ಜಾಡಿಯೊಂದರಲ್ಲಿ ಮನೆಗೂ ತಂದಿದ್ದೆ.

ಪಕ್ಕದ ಮನೆಯ ಶೋಭಾಗೆ ತೋರಿಸಲೆಂದೇ ತಂದದ್ದು. ಅವಳು ಕಾರವಾರದವಳು, ಇಲ್ಲಿ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಗಂಡ ಊರಲ್ಲೇ ಮೀನಿನ ದೋಣಿಯಲ್ಲಿದ್ದ. ಮೊದಲ ದಿನ ಅವಳು ಕತ್ತಲೆಯಲ್ಲಿ ಜಾಡಿ ಅಲುಗಿಸಿ ಅಲುಗಿಸಿ ನಕ್ಕಳು. ಆದರೆ ಆ ಜೀವಿಗಳು ಇಲ್ಲಿ ಬಾಳಲಿಲ್ಲ. ಒಂದು ಬೆಳಿಗ್ಗೆ ಸ್ವಲ್ಪ ನೀರನ್ನು ಕಾಲೇಜಿಗೆ ಒಯ್ದು ಪರೀಕ್ಷಿಸಿದೆ. ಎಲ್ಲವೂ ಒಡೆದು ತಳ ಸೇರಿದ್ದವು. ಸತ್ತವು ಹೊಳೆಯುವುದಿಲ್ಲ.

ಅದೇ ಸಂಜೆ ಶೋಭಾ ಬಾಗಿಲು ಬಡಿದಳು. ಗಾಳಿಗೆ ದೋಣಿ ಮಗುಚಿದೆ, ಉಳಿದವರು ಸಿಕ್ಕಿದ್ದಾರೆ, ಗಂಡ ಸಿಕ್ಕಿಲ್ಲ ಎಂದು ಊರಿನಿಂದ ಫೋನ್ ಬಂದಿತ್ತು.

"ಅಕ್ಕಾ, ನಾನು ಈಗ್ಲೇ ಹೊರಡ್ಬೇಕು. ಬಸ್ ಇರುತ್ತಾ?"

"ಇರುತ್ತೆ ಕಣೇ. ನಾನೂ ಬರ್ತೀನಿ. ಒಂದು ನಿಮಿಷ ಕೂತ್ಕೋ, ಬಟ್ಟೆ ತುಂಬ್ಕೋತೀನಿ."

ಅಷ್ಟರಲ್ಲಿ ಕರೆಂಟು ಹೋಯಿತು. ಮೇಣದಬತ್ತಿಗೆ ತಡಕಾಡುತ್ತಿದ್ದಾಗ ಅಡುಗೆಮನೆಯ ಕಟ್ಟೆಯ ಮೇಲೆ ಬೆಳಕು ಕಂಡಿತು. ಜಾಡಿ ಹೊಳೆಯುತ್ತಿತ್ತು. ಯಾರೂ ಮುಟ್ಟಿರಲಿಲ್ಲ. ನೀಲಿ ಬೆಳಕು ಒಂದು ಬದಿಯಿಂದ ಎದ್ದು, ಹರಡಿ, ಆರಿತು. ಮತ್ತೆ ಇನ್ನೊಂದು ಬದಿಯಿಂದ ಎದ್ದಿತು. ಒಳಗೆ ಯಾರೋ ಕೈ ಬೀಸಿ ನೀರು ಸರಿಸುತ್ತಿರುವ ಹಾಗೆ. ಬೀದಿಯಲ್ಲಿ ಲಾರಿ ಹೋಗುತ್ತಿದೆಯೇನೋ ಎಂದು ಕಟ್ಟೆಗೆ ಅಂಗೈ ಒತ್ತಿ ನೋಡಿದೆ. ನಡುಕವಿರಲಿಲ್ಲ. ನೀರಿನ ಮೇಲ್ಮೈ ಕೂಡ ಅಲುಗುತ್ತಿರಲಿಲ್ಲ.

"ಈಜ್ತಾ ಇದಾರೆ," ಎಂದಳು ಶೋಭಾ, ಬಹಳ ಮೆಲ್ಲಗೆ.

ನನಗೆ ಹೆದರಿಕೆಯಾಗಲಿಲ್ಲ. ಮೊದಲ ಸಲ ಸಮುದ್ರ ಕಂಡಾಗ ನಿಂತಿದ್ದೆನಲ್ಲ, ಹಾಗೇ ನೋಡುತ್ತ ನಿಂತೆ. ಇಬ್ಬರೂ ಜಾಡಿಯ ಹತ್ತಿರಕ್ಕೆ ಬಾಗಿದೆವು. ಒಮ್ಮೆ ಇಡೀ ಜಾಡಿ ತುಂಬಿ ಬೆಳಗಿತು. ನಮ್ಮ ಮುಖಗಳು, ಗೋಡೆಯ ಪಾತ್ರೆಗಳು ಎಲ್ಲ ನೀಲಿಯಾದವು. ಆಮೇಲೆ ಕತ್ತಲು.

ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಶೋಭಾಳ ಮೈದುನನ ಫೋನ್ ಬಂತು. ಸಿಕ್ಕಿದ್ದಾನೆ, ಉಸಿರಾಡುತ್ತಿದ್ದಾನೆ. ಆದರೂ ಹೊರಟೆವು. ಮರುದಿನ ಆಸ್ಪತ್ರೆಯಲ್ಲಿ ಅವನು ಒಡೆದ ತುಟಿಗಳಲ್ಲಿ ಹೇಳಿದ: "ಕತ್ಲಾದ್ಮೇಲೆ ಕೈ ಬೀಸಿದಲ್ಲೆಲ್ಲ ನೀರು ಬೆಳಗ್ತಿತ್ತು. ಆ ಬೆಳಕು ನೋಡಿಯೇ ಬೇರೆ ದೋಣಿಯವ್ರು ನನ್ನ ಕಡೆ ತಿರುಗಿದ್ದು."

ಶೋಭಾ ನನ್ನ ಮುಖ ನೋಡಿದಳು. ನಾನು ಕಿಟಕಿಯತ್ತ ತಿರುಗಿದೆ.

ಅವನ ಸುತ್ತಲ ಕಡಲು ಹೊಳೆದದ್ದು ಆಶ್ಚರ್ಯವಲ್ಲ. ಅದು ಆ ಜೀವಿಗಳ ಕಾಲ. ನನ್ನ ಜಾಡಿಯದ್ದು ಬ್ಯಾಕ್ಟೀರಿಯಾ ಇರಬಹುದೆಂದರು ನನ್ನ ಮಾರ್ಗದರ್ಶಕರು. ಬ್ಯಾಕ್ಟೀರಿಯಾದ ಬೆಳಕು ಒಂದೇ ಸಮನಿರುತ್ತದೆ, ಹೀಗೆ ಎದ್ದು ಆರುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ವಾಪಸು ಬಂದು ಆ ನೀರನ್ನು ಮತ್ತೆ ಪರೀಕ್ಷಿಸಿದೆ. ಆ ಹೊಳೆಯುವ ಜೀವಿಗಳಲ್ಲಿ ಜೀವವಿದ್ದದ್ದು ಒಂದೂ ಸಿಗಲಿಲ್ಲ.

ಕೊಲ್ಲಿಯಲ್ಲಿ ಯಾವ ಜೀವಿ ಯಾವಾಗ, ಏಕೆ ಹೆಚ್ಚುತ್ತದೆ ಎಂದು ಕೇಳಿದರೆ ಇಂದೂ ಹೇಳಬಲ್ಲೆ. ಸಮುದ್ರವೇ ಇಲ್ಲದ ಊರಿನಲ್ಲಿ ಆ ಸತ್ತ ನೀರು ಯಾರ ತೋಳಿಗೆ ಬೆಳಗಿತೆಂದು ಕೇಳಿದರೆ, ನನಗೆ ಗೊತ್ತಿಲ್ಲ.