ಗಿಡುಗ ಕೆತ್ತಿದ ಕಲ್ಲು

ನಮ್ಮ ಧಣಿ ಬಾಲ್ದೊ ಗೋಪುರವಿದ್ದ ದೊಡ್ಡ ಮನೆತನದವರು. ಹಾಗಂತ ಉಣ್ಣುತ್ತಿದ್ದದ್ದು ನಮ್ಮ ಹಾಗೆಯೇ, ಚೆಸ್ಟ್‌ನಟ್ ಹಿಟ್ಟಿನ ಮುದ್ದೆ. ಹೆಂಡತಿ ಲಾಪಾ ಮಗ ನೂಚೊನನ್ನು ಹೆತ್ತು ಒಂಬತ್ತನೆಯ ದಿನಕ್ಕೆ ತೀರಿಕೊಂಡರು. ಆ ಕೂಸಿಗೆ ಹಾಲೂಡಿದವಳು ನಾನು. ಪ್ರತಿ ಭಾನುವಾರ ಧಣಿ ಮಗನನ್ನು ಇಗರ್ಜಿಯೊಳಗೆ, ಗಿಡುಗ ಕೆತ್ತಿದ ಮನೆತನದ ಸಮಾಧಿಕಲ್ಲಿನ ಮೇಲೆ ಕೂರಿಸಿ, "ಅಮ್ಮನ ಹತ್ರ ಕೂತ್ಕೊ ಮಗಾ" ಅನ್ನುತ್ತಿದ್ದರು.

ನೂಚೊಗೆ ಹತ್ತೊಂಬತ್ತಾದಾಗ ಧಣಿಯ ಅಣ್ಣ ರುಜ್ಜೇರಿಯ ಮಗ ಸಂತೆಯಲ್ಲಿ ಬಣ್ಣಗಾರನೊಬ್ಬನಿಗೆ ಚೂರಿ ಹಾಕಿದ. ದೊಡ್ಡ ಮನೆತನದಲ್ಲಿ ಒಬ್ಬ ತಪ್ಪು ಮಾಡಿದರೆ ಇಡೀ ಮನೆತನಕ್ಕೆ ಶಿಕ್ಷೆ, ಹಿರಿಯರಿಗೆ ದಂಡ, ಹುಡುಗರಿಗೆ ಗಡೀಪಾರು, ನಮ್ಮೂರ ಕಾನೂನೇ ಹಾಗೆ. ಇರುವೆಯನ್ನೂ ತುಳಿಯದ ನನ್ನ ನೂಚೊ ಗಡೀಪಾರಾದ. ಮೂರನೆಯ ವರ್ಷ ಹೇಸರಗತ್ತೆಯವನ ಕೈಲಿ ಹೇಳಿ ಕಳಿಸಿದ: "ಕೆಮ್ಮಿದ್ರೆ ರಕ್ತ ಬರ್ತಿದೆ. ನನ್ನನ್ನ ಅಮ್ಮನ ಪಕ್ಕದಲ್ಲಿ ಮಲಗಿಸಿ."

ಅವನನ್ನು ಕರೆತರಲು ಇದ್ದದ್ದು ಒಂದೇ ದಾರಿ. ಊರ ಸಭೆಯ ಮುಂದೆ ಮನೆತನದ ಹೆಸರು, ಲಾಂಛನ ಎಲ್ಲ ಬಿಟ್ಟೆನೆಂದು ಆಣೆ ಮಾಡಿ ಸಾಮಾನ್ಯರಾಗಬೇಕು; ಸಾಮಾನ್ಯರಿಗೆ ಆ ಕಾನೂನಿಲ್ಲ. ಧಣಿ ಹೊರಟರು. ರುಜ್ಜೇರಿ ಬಾಗಿಲಿಗೆ ಅಡ್ಡ ನಿಂತ. ಅವನನ್ನು 'ಅವರು' ಅನ್ನಲು ನನಗೆ ಬಾಯಿ ಬರುವುದಿಲ್ಲ.

"ಹೆಸರು ಬಿಡ್ತೀಯೇನೋ? ಅಪ್ಪ ಇದ್ದಿದ್ರೆ ನಿನ್ನ ಕಾಲು ಮುರೀತಿದ್ದ."

"ಅಪ್ಪ ಇದ್ದಿದ್ರೆ ಮೊದಲು ನಿನ್ನ ಮಗನ ಕಾಲು ಮುರೀತಿದ್ದ, ಅಣ್ಣಾ."

ದಾರಿಯಲ್ಲಿ ಧಣಿ ಕೇಳಿದರು, "ಹೊಸ ಹೆಸರು ಏನಿಟ್ಕೊಳ್ಳಲಿ, ಮೇಯಾ?"

"ನಮ್ಮ ಹೊಳೆ ಹೆಸರೇ ಇಟ್ಕೊಳ್ಳಿ ಧಣಿ. ಅದನ್ನ ವಾಪಸ್ ಕೇಳೋರು ಯಾರೂ ಇಲ್ಲ."

ಅವತ್ತು ಅವರು ನಕ್ಕರು. ಆಮೇಲೆ ನಗಲಿಲ್ಲ.

ನೂಚೊ ಬಂದ, ಹನ್ನೊಂದು ದಿನ ಅಂಗಳದ ಬಿಸಿಲಲ್ಲಿ ಕೂತಿದ್ದ. ಕೊನೆಯ ದಿನ, "ಅಮ್ಮನ ಪಕ್ಕಾನೇ ಅಲ್ವಾ, ಅಪ್ಪಾ?" ಅಂದ.

"ಅಲ್ಲೇ ಮಗಾ, ಮತ್ತೆಲ್ಲಿ?"

ಹೆಣ ಹೊತ್ತು ಹೋದರೆ ರುಜ್ಜೇರಿ ಸಮಾಧಿಕಲ್ಲಿನ ಮೇಲೇ ನಿಂತಿದ್ದ. "ಇದು ಗಿಡುಗದ ಮನೆಯವರ ಜಾಗ. ತಾವು ಯಾರ ಪೈಕಿ?" ಎಂದು ಒಡಹುಟ್ಟಿದ ತಮ್ಮನನ್ನೇ ಕೇಳಿದ. ಧಣಿ ಮಂಡಿಯೂರಿದರು. ಆಣೆ ಮಾಡಿದ್ದು ಇಡೀ ಊರಿಗೆ ಗೊತ್ತಿತ್ತು, ಪಾದ್ರಿಯೂ ತಲೆ ತಗ್ಗಿಸಿದರು.

ಕಲ್ಲಿನಿಂದ ಗೋಡೆಗೆ ಧಣಿ ಹೆಜ್ಜೆ ಹಾಕಿ ಅಳೆದರು. ಏಳು ಹೆಜ್ಜೆ. ಗೋಡೆಯ ಆಚೆ, ಅದೇ ನೇರಕ್ಕೆ, ಮಗನನ್ನು ಮಣ್ಣು ಮಾಡಿದೆವು.

ಈಗಲೂ ಭಾನುವಾರ ಧಣಿ ಇಗರ್ಜಿಯ ಒಳಗೆ ಹೋಗುವುದಿಲ್ಲ. ಹೊರಗೆ ಮಗನ ತಲೆಯ ಕಡೆ ಕೂತು ಗೋಡೆ ತಟ್ಟುತ್ತಾರೆ.

"ಲಾಪಾ, ಇಲ್ಲಿದಾನೆ ನೋಡು. ಸ್ವಲ್ಪ ಈ ಕಡೆ ತಿರುಗು."